ಕ್ಯಾಸ್ ನದಿ ದಂಡೆಯ ಈ ಚರ್ಚು ಯಾರಿಗಾಗಿ ಕಟ್ಟಿದ್ದು?

ಊರಿಂದ ಯಾರೇ ಬರಲಿ, ಮಿಶಿಗನ್ನಿನಲ್ಲಿರುವ ನಾವು ಅವರನ್ನು ಒಮ್ಮೆಯಾದರೂ ಫ್ರಾಂಕೆನ್‌ಮುತ್‌ಗೆ ಕರೆದುಕೊಂಡು ಹೋಗುತ್ತೇವೆ. ಡೆಟ್ರಾಯಿಟ್‌ನಿಂದ ಒಂದೂವರೆ ಗಂಟೆ ದಾರಿ. ವರ್ಷವಿಡೀ ಕ್ರಿಸ್‌ಮಸ್ ಸಾಮಾನು ಮಾರುವ ಬ್ರಾನರ್ಸ್ ಅಂಗಡಿ, ಛಾವಣಿ ಹೊದಿಸಿದ ಮರದ ಸೇತುವೆ, ಕೋಳಿ ಊಟಕ್ಕೆ ಹೆಸರಾದ ಎರಡು ದೊಡ್ಡ ಹೋಟೆಲು. ಐದು ಸಾವಿರದ ಆಸುಪಾಸು ಜನ ಇರುವ ಊರು. ಬಂದವರಿಗೆ ಖುಷಿಯಾಗುತ್ತದೆ, ಫೋಟೋ ತೆಗೆದುಕೊಳ್ಳುತ್ತಾರೆ. ನಮ್ಮ ಅತ್ತೆ ಬಂದಾಗ ಮಾತ್ರ ಬೇರೆ ಆಯಿತು. ಅವರಿಗೆ ಅಂಗಡಿ ಬೇಜಾರು ಬಂತು. ‘ದೂರದಲ್ಲಿ ಒಂದು ಗೋಪುರ ಕಾಣ್ತಿದೆಯಲ್ಲ, ಅಲ್ಲಿಗೆ ಹೋಗೋಣ’ ಅಂದರು. ಅದು ಸೇಂಟ್ ಲೊರೆಂಝ್ ಲುಥೆರನ್ ಚರ್ಚು, ಅಂದರೆ ಮಾರ್ಟಿನ್ ಲೂಥರ್ ಹಾದಿ ಹಿಡಿದ ಪ್ರೊಟೆಸ್ಟಂಟ್ ಕ್ರೈಸ್ತರದ್ದು. 1880ರಲ್ಲಿ ಕಟ್ಟಿದ ಇಟ್ಟಿಗೆಯ ಕಟ್ಟಡ. ಅದೇ ಆವರಣದಲ್ಲಿ ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಪೇರಿಸಿ ಕಟ್ಟಿದ ಒಂದು ಸಣ್ಣ ಮನೆ ಇದೆ, ಮೊದಲ ಚರ್ಚಿನ ಮಾದರಿ. ನಮ್ಮ ಹಳ್ಳಿ ಕಡೆಯ ದನದ ಕೊಟ್ಟಿಗೆಗಿಂತ ದೊಡ್ಡದೇನಲ್ಲ. ಅತ್ತೆ ಅದರೊಳಗೆ ಬಗ್ಗಿ ನೋಡಿ ಕೇಳಿದರು: ‘ಅಲ್ಲಮ್ಮಾ, ಇಷ್ಟು ದೂರ ಬಂದು ಕಾಡಲ್ಲಿ ಚರ್ಚು ಕಟ್ಟಿದ್ರಲ್ಲ, ಇವರ ಊರಲ್ಲಿ ಚರ್ಚು ಇರಲಿಲ್ವಾ?’

ಇತ್ತು. ಇವರ ಊರಲ್ಲಿ ಹಳೆಯ, ಗಟ್ಟಿಮುಟ್ಟಾದ ಕಲ್ಲಿನ ಚರ್ಚೇ ಇತ್ತು. ಜರ್ಮನಿಯ ಫ್ರಾಂಕೋನಿಯಾ ಸೀಮೆಯ ರೊಸ್‌ಟಾಲ್ ಎಂಬ ಊರಿನ ಸೇಂಟ್ ಲೊರೆಂಝ್ ಚರ್ಚಿನ ಹೆಸರನ್ನೇ ಇಲ್ಲೂ ಇಟ್ಟಿದ್ದಾರೆ. ಅತ್ತೆಗೆ ಅಷ್ಟು ಹೇಳಿದೆ. ಆದರೆ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. ಚರ್ಚು, ಪಾದ್ರಿ, ಗಂಟೆ ಎಲ್ಲ ಇದ್ದ ಊರು ಬಿಟ್ಟು ಹದಿನೈದು ಜನ 1845ರಲ್ಲಿ ಈ ಕಾಡಿಗೆ ಯಾಕೆ ಬಂದರು? ಹೊಟ್ಟೆಪಾಡಿಗೆ ಅಂದರೆ ಅರ್ಧ ಉತ್ತರ. ಹೊಟ್ಟೆಪಾಡಿಗೆ ಬಂದವರು ಒಬ್ಬೊಬ್ಬರೇ ಬರುತ್ತಾರೆ, ನಾವು ಬಂದ ಹಾಗೆ. ಇವರು ಹಡಗು ಹತ್ತುವ ಮೊದಲೇ ಒಂದು ಸಭೆಯಾಗಿದ್ದರು, ಅಂದರೆ ಒಂದು ಚರ್ಚಿಗೆ ಸೇರಿದ ಬಳಗ. ನಿಯಮಗಳಿದ್ದವು, ಜೊತೆಗೊಬ್ಬ ಪಾದ್ರಿ ಇದ್ದರು, ಸಾಮಾನಿನ ಜೊತೆ ಚರ್ಚಿನ ಗಂಟೆಗಳೂ ಇದ್ದವು. ಕಟ್ಟಬೇಕಾದ ಚರ್ಚಿಗೆ ಗಂಟೆ ಮೊದಲೇ ತಂದಿದ್ದರು!

ಮದುವೆಗೂ ಅಪ್ಪಣೆ ಬೇಕಿದ್ದ ಊರು

ಇದರ ಹಿಂದೆ ಇದ್ದವರು ವಿಲ್ಹೆಲ್ಮ್ ಲೋಹೆ. ನೊಯೆನ್‌ಡೆಟಲ್‌ಸೌ ಅನ್ನುವ ಹಳ್ಳಿಯ ಪಾದ್ರಿ, 1837ರಿಂದ ಅಲ್ಲೇ ಇದ್ದವರು. ಅಮೆರಿಕಕ್ಕೆ ಒಮ್ಮೆಯೂ ಬಂದವರಲ್ಲ. ಆದರೆ ಅಲ್ಲಿ ಕಾಡುಮೇಡುಗಳಲ್ಲಿ ಚದುರಿಹೋದ ಜರ್ಮನ್ನರಿಗೆ ಪಾದ್ರಿಗಳಿಲ್ಲ, ಮಕ್ಕಳಿಗೆ ದೀಕ್ಷಾಸ್ನಾನ ಕೊಡುವವರಿಲ್ಲ ಅನ್ನುವ ಸುದ್ದಿ ಓದಿ ಅವರಿಗೆ ತಡೆಯಲಾಗಲಿಲ್ಲ. ತಾವೇ ಹುಡುಗರನ್ನು ತಯಾರು ಮಾಡಿ ಕಳಿಸತೊಡಗಿದರು. ಆಮೇಲೆ ಇನ್ನೊಂದು ಯೋಚನೆ ಬಂತು. ಮಿಶಿಗನ್ನಿನ ಆದಿವಾಸಿಗಳಾದ ಚಿಪ್ಪೆವಾ ಜನರ ನಡುವೆ ಮಿಷನ್ ಕೆಲಸ ಮಾಡಬೇಕು. ಒಬ್ಬ ಪಾದ್ರಿ ಹೋಗಿ ಬೋಧಿಸಿದರೆ ಸಾಲದು. ಒಂದು ಇಡೀ ಸಭೆಯೇ ಹೋಗಿ ಅವರ ಪಕ್ಕದಲ್ಲಿ ನೆಲೆಸಬೇಕು. ಉಳುವುದು, ಹಾಡುವುದು, ಮಕ್ಕಳನ್ನು ಬೆಳೆಸುವುದು, ಸತ್ತವರನ್ನು ಮಣ್ಣು ಮಾಡುವುದು ಎಲ್ಲ ಅವರ ಕಣ್ಣೆದುರು ನಡೆಯಬೇಕು. ಬದುಕು ನೋಡಿ ಅವರು ಹತ್ತಿರ ಬರಲಿ ಅಂತ. ಓದಿದಾಗ ನನಗೆ ಇದು ನಿಜಕ್ಕೂ ಒಳ್ಳೆಯ ಮನಸ್ಸಿನಿಂದ ಹುಟ್ಟಿದ ಯೋಜನೆ ಅನ್ನಿಸಿತು. ಈಗಲೂ ಹಾಗೇ ಅನ್ನಿಸುತ್ತದೆ.

ಆದರೆ ಹೊರಟವರಿಗೆ ತಮ್ಮದೇ ಕಾರಣವೂ ಇತ್ತು. ಫ್ರಾಂಕೋನಿಯಾ ಸೇರಿದ್ದ ಬವೇರಿಯಾ ರಾಜ್ಯದಲ್ಲಿ ಆಗ ಬಡವರು ಸುಮ್ನೆ ಮದುವೆಯಾಗುವ ಹಾಗಿರಲಿಲ್ಲ. ಊರಿನ ಆಡಳಿತದ ಒಪ್ಪಿಗೆ ಬೇಕಿತ್ತು. ಸಂಸಾರ ಸಾಕುವಷ್ಟು ಆಸ್ತಿಯೋ, ಕಸುಬಿನ ಹಕ್ಕೋ ಇದೆ ಅಂತ ತೋರಿಸಬೇಕಿತ್ತು. ಬಡವರ ಸಂಸಾರ ಬೆಳೆದರೆ ನಾಳೆ ಊರೇ ಅವರನ್ನು ಸಾಕಬೇಕಾಗುತ್ತದೆ ಅನ್ನುವ ಲೆಕ್ಕಾಚಾರ. ನಮ್ಮಲ್ಲಿ ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಅಂತಾರೆ. ಅಲ್ಲಿ ಮನೆ ಇಲ್ಲದವನಿಗೆ ಮದುವೆಯೇ ಇಲ್ಲ. ಕೂಲಿ ಆಳು, ಇನ್ನೊಬ್ಬರ ಮನೆಯಲ್ಲಿ ಕೆಲಸಕ್ಕಿರುವ ಹೆಣ್ಣು, ಇವರಿಬ್ಬರು ಒಬ್ಬರನ್ನೊಬ್ಬರು ಮೆಚ್ಚಿದರೆ ವರ್ಷಗಟ್ಟಲೆ ಕಾಯಬೇಕು. ಅದಕ್ಕೇ ಬ್ರೆಮರ್‌ಹಾಫೆನ್ ಬಂದರಿನಲ್ಲಿ ‘ಕ್ಯಾರೊಲಿನ್’ ಅನ್ನುವ ಹಡಗು ಹತ್ತಿದ ಮೇಲೆ ಪಾದ್ರಿ ಆಗಸ್ಟ್ ಕ್ರೇಮರ್ ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ಕಾದು ಕೂತಿದ್ದ ಜೋಡಿಗಳ ಮದುವೆ ಮಾಡಿಸಿದ್ದು. ಈ ಸಂಗತಿ ನನ್ನ ತಲೆಯಿಂದ ಹೋಗುವುದೇ ಇಲ್ಲ. ಹಡಗು ಹೊರಟಿದ್ದು 1845ರ ಏಪ್ರಿಲ್ 20ಕ್ಕೆ. ಇದ್ದುದರಲ್ಲೇ ಒಳ್ಳೆಯ ಬಟ್ಟೆ ಹಾಕಿಕೊಂಡು ನಿಂತ ಗಂಡು ಹೆಣ್ಣು, ಅಪ್ಪ ಅಮ್ಮ ಯಾರೂ ಪಕ್ಕದಲ್ಲಿಲ್ಲ. ಹುಟ್ಟಿದ ಊರು ಕೊಡದ ಒಪ್ಪಿಗೆ ಅವರಿಗೆ ಹಡಗಿನ ಹಲಗೆಯ ಮೇಲೆ ಸಿಕ್ಕಿತು.

ಜೂನ್ 8ಕ್ಕೆ ನ್ಯೂಯಾರ್ಕ್. ಅಲ್ಲಿಂದ ದೋಣಿ, ರೈಲು, ಮತ್ತೆ ದೋಣಿ. ದಾರಿಯಲ್ಲಿ ಅವರ ರೈಲು ಇನ್ನೊಂದು ರೈಲಿಗೆ ಡಿಕ್ಕಿ ಹೊಡೆಯಿತು, ದೇವರ ದಯೆ, ಯಾರೂ ಸಾಯಲಿಲ್ಲ. ಕೊನೆಗೆ ಸ್ಯಾಗಿನಾ ತಲುಪಿ ಕ್ಯಾಸ್ ನದಿ ದಂಡೆಯಲ್ಲಿ ಜಾಗ ಹಿಡಿದರು. 680 ಎಕರೆ. ಮುಂದಿನ ವರ್ಷ ಇನ್ನೂ ತೊಂಬತ್ತರಷ್ಟು ಜನ ಬಂದರು. 1846ರ ಕ್ರಿಸ್‌ಮಸ್ ಹೊತ್ತಿಗೆ ದಿಮ್ಮಿ ಚರ್ಚಿನ ಪ್ರತಿಷ್ಠೆ ಆಯಿತು. ಆಮೇಲೆ ಫ್ರಾಂಕೆನ್‌ಟ್ರೋಸ್ಟ್, ಫ್ರಾಂಕೆನ್‌ಲುಸ್ಟ್, ಫ್ರಾಂಕೆನ್‌ಹಿಲ್ಫ್ ಅಂತ ಸುತ್ತ ಇನ್ನೂ ಮೂರು ಊರುಗಳು. 1847ರಲ್ಲಿ ಶಿಕಾಗೋದಲ್ಲಿ ಮಿಸೌರಿ ಸಿನಡ್ ಅನ್ನುವ ಲುಥೆರನ್ ಸಭೆಗಳ ಒಕ್ಕೂಟ ಹುಟ್ಟಿದಾಗ ಕ್ರೇಮರ್ ಅದರಲ್ಲಿದ್ದರು. ಇವತ್ತು ಆ ಸಿನಡ್‌ನ ದೊಡ್ಡ ಸಭೆಗಳಲ್ಲಿ ಸೇಂಟ್ ಲೊರೆಂಝ್ ಕೂಡ ಒಂದು.

ಶಾಲೆಯೂ ಭಾಷೆಯೂ

ಆವತ್ತು ನಮಗೆ ಚರ್ಚು ತೋರಿಸಿದವರು ವಯಸ್ಸಾದ ಒಬ್ಬ ಸ್ವಯಂಸೇವಕರು. ಬಣ್ಣದ ಗಾಜಿನ ಕಿಟಕಿಗಳನ್ನೆಲ್ಲ ತೋರಿಸಿದ ಮೇಲೆ ಅತ್ತೆ ಒಂದು ಬೆಂಚಿನ ಮೇಲೆ ಕೂತುಬಿಟ್ಟರು. ಅವರೂ ಪಕ್ಕದ ಬೆಂಚಿನಲ್ಲಿ ಕೂತರು. ನಾನು ಮಧ್ಯೆ ನಿಂತು ಇಬ್ಬರ ಮಾತನ್ನೂ ದಾಟಿಸುತ್ತಿದ್ದೆ. ಅತ್ತೆ ಕೇಳಿದರು, ‘ನಿಮ್ಮ ಭಾಷೆ ನಿಮಗೆ ಬರುತ್ತಾ?’ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಕಣ್ಣು ಮುಚ್ಚಿ, ‘ಫಾಟರ್ ಉನ್ಸರ್’ ಅಂತ ಶುರು ಮಾಡಿದರು. ಪರಲೋಕದ ತಂದೆಯ ಪ್ರಾರ್ಥನೆ. ಎಲ್ಲೂ ತಡವರಿಸದೆ ಕೊನೆಯವರೆಗೆ ಹೇಳಿದರು. ಆಮೇಲೆ, ಚಿಕ್ಕವನಿದ್ದಾಗ ಮನೆಯಲ್ಲಿ ಅಜ್ಜ ಅಜ್ಜಿ ಹಳೆಯ ಊರಿನ ಮಾತನ್ನೇ ಆಡುತ್ತಿದ್ದರು, ನನಗೆ ಅರ್ಥ ಆಗುತ್ತಿತ್ತು, ತಿರುಗಿ ಆಡಲು ಬರುತ್ತಿರಲಿಲ್ಲ ಅಂದರು. ಅತ್ತೆ ಕೂಡಲೇ ನನ್ನ ಮಗಳ ಕಡೆ ನೋಡಿದರು. ಅವಳು ದಾಸರ ಪದ ಪೂರ್ತಿ ಹಾಡುತ್ತಾಳೆ, ‘ಊಟ ಆಯ್ತಾ?’ ಅಂದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ.

ಭಾಷೆಯ ವಿಷಯದಲ್ಲಿ ಈ ಊರು ಹಿಡಿದ ಹಟವನ್ನು ನಾನು ತುಂಬ ಮೆಚ್ಚುತ್ತೇನೆ. ಇದು ಜರ್ಮನ್ ಊರಾಗಿಯೇ ಉಳಿಯಬೇಕು ಅನ್ನುವುದು ಲೋಹೆ ಅವರ ಆಸೆಯಾಗಿತ್ತು. ಉಳಿಯಿತು ಕೂಡ. ಚರ್ಚಿನ ಜೊತೆಜೊತೆಗೇ ಶಾಲೆ ಹುಟ್ಟಿತು. ಆರಾಧನೆ, ಪಾಠ, ಲೆಕ್ಕಪತ್ರ ಎಲ್ಲ ಜರ್ಮನ್‌ನಲ್ಲೇ. ಚರ್ಚಿನ ಸ್ಮಶಾನದಲ್ಲಿ ನಡೆದರೆ ಇದು ಕಣ್ಣಿಗೆ ಕಾಣುತ್ತದೆ. ಹಳೆಯ ಕಲ್ಲುಗಳ ಮೇಲೆ ಹುಟ್ಟಿದ್ದು ‘ಗೆಬೊರೆನ್’, ಸತ್ತಿದ್ದು ‘ಗೆಸ್ಟೊರ್ಬೆನ್’. ಮುಂದಿನ ಸಾಲುಗಳಿಗೆ ಬಂದರೆ ಮನೆತನದ ಹೆಸರು ಅದೇ, ಅಕ್ಷರ ಇಂಗ್ಲಿಷು. ನಡುವೆ ಎರಡು ಮಹಾಯುದ್ಧ. ಮೊದಲ ಯುದ್ಧದ ಹೊತ್ತಿಗೆ ಅಮೆರಿಕದ ಉದ್ದಗಲಕ್ಕೂ ಜರ್ಮನ್ ಮಾತಾಡುವವರನ್ನು ಅನುಮಾನದಿಂದ ನೋಡಿದರು. ಅದರ ಬೆನ್ನಿಗೇ ಮಿಶಿಗನ್ನಿನಲ್ಲಿ ಇನ್ನೊಂದು ಗಂಡಾಂತರ ಬಂತು. ಎಲ್ಲ ಮಕ್ಕಳೂ ಸರ್ಕಾರಿ ಶಾಲೆಗೇ ಹೋಗಬೇಕು, ಚರ್ಚುಗಳ ಶಾಲೆ ಇರಬಾರದು ಅಂತ ರಾಜ್ಯದ ಸಂವಿಧಾನಕ್ಕೆ ತಿದ್ದುಪಡಿ ತರಲು ಹೊರಟರು. 1920ರಲ್ಲಿ ಮತಕ್ಕೆ ಹಾಕಿದರು, ಸೋತಿತು. 1924ರಲ್ಲಿ ಮತ್ತೆ ಹಾಕಿದರು, ಮತ್ತೆ ಸೋತಿತು. ಲುಥೆರನ್ನರು, ಕ್ಯಾಥೊಲಿಕರು ಎಲ್ಲ ಸೇರಿ ಎದುರಿಸಿದ್ದರು. ಸೇಂಟ್ ಲೊರೆಂಝ್ ಶಾಲೆ ಇವತ್ತಿಗೂ ನಡೆಯುತ್ತಿದೆ. ಪಾಠ ಇಂಗ್ಲಿಷಿನಲ್ಲಿ, ಆದರೆ ಶಾಲೆ ಅವರದ್ದೇ.

ನಮ್ಮ ಮಕ್ಕಳ ಕನ್ನಡ ಕಲಿ ತರಗತಿ ನಡೆಯುವುದೂ ಒಂದು ಚರ್ಚಿನ ನೆಲಮಾಳಿಗೆಯಲ್ಲೇ. ಅಮೆರಿಕದ ಎಷ್ಟೋ ಕನ್ನಡ ಕೂಟಗಳ ಕಥೆ ಇದೇ. ಭಾನುವಾರ ಮಧ್ಯಾಹ್ನ ಅವರ ಆರಾಧನೆ ಮುಗಿದ ಮೇಲೆ ಕುರ್ಚಿ ಜೋಡಿಸಿಕೊಂಡು ಅ ಆ ಇ ಈ. ಗೋಡೆ ಮೇಲೆ ಏಸುವಿನ ಚಿತ್ರ, ಕೆಳಗೆ ನಮ್ಮ ಕಾಗುಣಿತದ ಪಟ್ಟಿ. ಎರಡನೆಯ ತಲೆಮಾರಿಗೇ ನಮ್ಮ ಕೈ ಸೋಲುತ್ತಿದೆ. ಇವರು ನಾಲ್ಕೈದು ತಲೆಮಾರು ಎಳೆದುಕೊಂಡು ಬಂದರು. ಹೇಗೆ ಅಂತ ಯೋಚಿಸಿದರೆ, ಭಾಷೆ ಅವರಿಗೆ ವಾರಕ್ಕೊಮ್ಮೆಯ ಪಾಠ ಆಗಿರಲಿಲ್ಲ. ಪಕ್ಕದ ಹೊಲದವನೂ ಅದನ್ನೇ ಆಡುತ್ತಿದ್ದ, ಗಿರಣಿಯವನೂ, ಪಾದ್ರಿಯೂ. ಸಾವಿನ ಮನೆಯಲ್ಲಿ ಹಾಡುವುದಕ್ಕೂ ಅದೇ ಭಾಷೆ ಬೇಕಿತ್ತು. (ಇವತ್ತು ಪ್ರವಾಸಿಗರು ನೋಡುವ ಬವೇರಿಯನ್ ವೇಷಕ್ಕೂ ಇದಕ್ಕೂ ಅಷ್ಟು ಸಂಬಂಧ ಇಲ್ಲ. ಆಲ್ಪ್ಸ್ ಬೆಟ್ಟದ ಮನೆಗಳ ಥರ ಚಿತ್ರ ಬಿಡಿಸಿದ ಗೋಡೆ, ಮರದ ಬಾಲ್ಕನಿ, ಇವೆಲ್ಲ 1950ರ ದಶಕದ ಕೊನೆಯಿಂದ ಬಂದಿದ್ದು. ಫ್ರಾಂಕೋನಿಯಾ ಇರುವುದು ಬವೇರಿಯಾದ ಉತ್ತರ ಭಾಗದಲ್ಲಿ. ಈ ಜನರ ಊರಲ್ಲಿ ಆಲ್ಪ್ಸ್ ಇಲ್ಲವೇ ಇಲ್ಲ. ಹೋಟೆಲುಗಳು ಊರಿಗೆ ಅನ್ನ ಕೊಟ್ಟಿವೆ, ಅದು ಸಣ್ಣ ಮಾತಲ್ಲ. ಆದರೆ ಊರಿನ ನೆನಪು ಇರುವುದು ಚರ್ಚಿನ ಕಡೆ.)

ಬಯರ್‌ಲೈನ್ ಎಂಬ ಪಾದ್ರಿ

ಈ ಚರ್ಚು ಯಾರಿಗಾಗಿ ಕಟ್ಟಿದ್ದು ಅಂದರೆ ಮೊದಲ ಉತ್ತರ ಚಿಪ್ಪೆವಾ ಜನ ಅಂತ ಆಗಬೇಕಲ್ವಾ? ಅವರಿಗಾಗಿಯೇ ತಾನೇ ಬಂದಿದ್ದು. ಕ್ರೇಮರ್ ಬಂದ ಹೊಸದರಲ್ಲೇ ಕೆಲಸ ಶುರು ಮಾಡಿದರು. ದುಭಾಷಿಯನ್ನು ಕರೆದುಕೊಂಡು ಕಾಡಿನ ಹಾಡಿಗಳಿಗೆ ಹೋದರು. ಕೆಲವು ಮಕ್ಕಳನ್ನು ಕರೆತಂದು ಆ ದಿಮ್ಮಿ ಮನೆಯಲ್ಲೇ ಇಟ್ಟುಕೊಂಡು ಊಟ ಹಾಕಿ, ಬಟ್ಟೆ ಹೊಲಿಸಿ, ಓದಿಸಿದರು. ಮನೆ ತುಂಬ ಮಕ್ಕಳು, ಹೊರಗೆ ಹಿಮ, ಅಕ್ಕಪಕ್ಕದಲ್ಲಿ ಕೊಡಲಿಯ ಸದ್ದು. ಪಾದ್ರಿಯ ಹೆಂಡತಿಯ ಪಾಡು ಏನಾಗಿರಬಹುದು ಅಂತ ನಾನು ಸುಮಾರು ಸಲ ಯೋಚಿಸಿದ್ದೇನೆ. ಕೆಲವು ಮಕ್ಕಳಿಗೆ ದೀಕ್ಷಾಸ್ನಾನವೂ ಆಯಿತು. ಆದರೆ 1850ಕ್ಕೆ ಕ್ರೇಮರ್ ಫೋರ್ಟ್ ವೇನ್‌ನಲ್ಲಿ ಪಾಠ ಹೇಳಲು ಹೊರಟುಹೋದರು. ಆ ಹೊತ್ತಿಗೇ ಫ್ರಾಂಕೆನ್‌ಮುತ್ ಸುತ್ತ ಆದಿವಾಸಿಗಳು ಕಡಿಮೆಯಾಗಿದ್ದರು.

ಇಲ್ಲಿ ಎಡುವರ್ಡ್ ಬಯರ್‌ಲೈನ್ ಬರುತ್ತಾರೆ. ಕನ್ನಡದವಳಾದ ನನಗೆ ಈ ಇಡೀ ಕಥೆಯಲ್ಲಿ ತುಂಬ ಹತ್ತಿರದವರು ಅನ್ನಿಸಿದ್ದು ಇವರೇ. ಲೈಪ್‌ಝಿಗ್ ಮಿಷನ್‌ನವರು 1847ರಲ್ಲಿ ಇವರನ್ನು ಮಿಶಿಗನ್ನಿಗೆ ಕಳಿಸಿದರು. ಜನ ಫ್ರಾಂಕೆನ್‌ಮುತ್‌ಗೆ ಬರುವುದಿಲ್ಲ, ನಾವೇ ಅವರಿದ್ದಲ್ಲಿಗೆ ಹೋಗಬೇಕು ಅಂತ ಅವರು ಪಶ್ಚಿಮಕ್ಕೆ, ಪೈನ್ ನದಿಯ ಹತ್ತಿರ, ಬೆಮಾಸಿಕೆ ಎಂಬ ಮುಖಂಡರ ಹಾಡಿಗೆ ಹೋಗಿ ನೆಲೆಸಿದರು. ಆ ಜಾಗಕ್ಕೆ ಬೆಥನಿ ಅಂತ ಹೆಸರಿಟ್ಟರು. ದುಭಾಷಿಯನ್ನು ನೆಚ್ಚಿಕೊಳ್ಳದೆ ಅವರ ಭಾಷೆ ಕಲಿತರು. ಆ ಭಾಷೆಯಲ್ಲಿ ಮಕ್ಕಳಿಗೆ ಓದುವ ಪುಸ್ತಕ ಬರೆದರು, 1852ರಲ್ಲಿ ಅಚ್ಚಾಯಿತು. ಅದರ ಮರುವರ್ಷ, 1853ರಲ್ಲಿ, ಮಿಷನ್‌ನಿಂದ ಆಜ್ಞೆ ಬಂತು: ಭಾರತಕ್ಕೆ ಹೊರಡಿ. ಬಯರ್‌ಲೈನ್ ತಮಿಳು ಸೀಮೆಗೆ ಹೊರಟರು. ಮುಂದೆ ಬಹಳ ವರ್ಷ ದಕ್ಷಿಣ ಭಾರತದಲ್ಲೇ ಕೆಲಸ ಮಾಡಿದರು.

1853 ಅಂದ ಕೂಡಲೇ ನನಗೆ ನೆನಪಾಗುವುದು ಕಿಟೆಲ್. ಅದೇ ವರ್ಷವೇ ಅವರೂ ಭಾರತಕ್ಕೆ ಬಂದಿದ್ದು. ಅವರನ್ನು ಕಳಿಸಿದ ಬಾಸೆಲ್ ಮಿಷನ್ ಪೂರ್ತಿ ಲುಥೆರನ್ ಅಲ್ಲ, ಆದರೆ ಅಲ್ಲಿಂದ ಬಂದ ಬಹಳ ಜನ ಜರ್ಮನಿಯ ವುರ್ಟೆಂಬರ್ಗ್‌ನ ಲುಥೆರನ್ ಮನೆಗಳವರು. ಅದೇ ಮಿಷನ್‌ನ ಮೊಗ್ಲಿಂಗ್ ಅವರೂ ವುರ್ಟೆಂಬರ್ಗ್‌ನವರೇ. ಅವರ ‘ಮಂಗಳೂರ ಸಮಾಚಾರ’ ಪತ್ರಿಕೆ ಶುರುವಾಗಿದ್ದು 1843ರಲ್ಲಿ, ಇಲ್ಲಿಯ ಹದಿನೈದು ಜನ ಹಡಗು ಹತ್ತುವ ಎರಡು ವರ್ಷ ಮೊದಲು. ಒಂದೇ ಕಾಲ, ಹತ್ತಿರ ಹತ್ತಿರದ ನಾಡುಗಳು, ಹೆಚ್ಚುಕಡಿಮೆ ಒಂದೇ ಥರದ ಭಕ್ತಿ. ಆದರೆ ಮಂಗಳೂರಿಗೆ ಬಂದ ಪಾದ್ರಿಗಳ ಹಿಂದೆ ರೈತರು ಬರಲಿಲ್ಲ. ನೇತ್ರಾವತಿ ದಂಡೆಯಲ್ಲಿ ಯಾರೂ 680 ಎಕರೆ ಕೊಂಡು ಜರ್ಮನ್ ಹಳ್ಳಿ ಕಟ್ಟಲಿಲ್ಲ. ಹಾಗಾಗಿ ಅವರು ನಮ್ಮ ನಡುವೆ ನಮ್ಮ ಮಾತಿನಲ್ಲೇ ಬದುಕಬೇಕಾಯಿತು. ಅವರ ಮತ ಹಿಡಿದವರು ಕೆಲವರು, ಹಿಡಿಯದವರು ಬಹಳ ಮಂದಿ, ಆದರೆ ಕೇಳುವ ಜನ ಮಾತ್ರ ಅಲ್ಲೇ ಇದ್ದರು. ಕಿಟೆಲ್ ನಿಘಂಟು 1894ರಲ್ಲಿ ಹೊರಬಂದಾಗ ಕನ್ನಡ ಆಡುವವರು ಕನ್ನಡದ ನೆಲದಲ್ಲೇ ಇದ್ದರು. ಬಯರ್‌ಲೈನ್ ಪುಸ್ತಕಕ್ಕೆ ಆ ಭಾಗ್ಯ ಇರಲಿಲ್ಲ.

ಯಾಕೆಂದರೆ ಲೋಹೆ ಅವರ ಯೋಜನೆ ಮುರಿದದ್ದೇ ಅದರ ಮುಖ್ಯ ಭಾಗದಲ್ಲಿ. ಪಕ್ಕದಲ್ಲಿ ನೆಲೆಸಿ ಬದುಕಿ ತೋರಿಸಬೇಕು ಅಂದರೆ ನೆಲ ಬೇಕು. ಆ ನೆಲ ಯಾರದ್ದು? ಚಿಪ್ಪೆವಾ ಜನ 1819ರ ಸ್ಯಾಗಿನಾ ಒಪ್ಪಂದದಲ್ಲಿ ದೊಡ್ಡ ಸೀಮೆಯನ್ನೇ ಬಿಟ್ಟುಕೊಟ್ಟು ಕೆಲವು ತುಂಡುಗಳನ್ನು ಮಾತ್ರ ಉಳಿಸಿಕೊಂಡಿದ್ದರು. 1837ರಲ್ಲಿ ಅವೂ ಹೋದವು. ಹಾಗೆ ಅವರಿಗಾಗಿ ಮೀಸಲಿದ್ದು ಕೈಬಿಟ್ಟ ಜಾಗದಲ್ಲೇ ಫ್ರಾಂಕೆನ್‌ಮುತ್‌ನ 680 ಎಕರೆ ಇತ್ತು. ಕಾಡು ಕಡಿದ ಮೇಲೆ ಬೇಟೆ ಇಲ್ಲ. ಬೇಟೆ ಇಲ್ಲದ ಕಡೆ ಅವರು ಯಾಕೆ ಇರುತ್ತಾರೆ? ಮಾತು ಕೇಳಲಿ ಅಂತ ಬಂದವರ ನೇಗಿಲೇ ಕೇಳುವವರನ್ನು ದೂರ ಕಳಿಸಿತು. ಲುಥೆರನ್ನರೊಬ್ಬರೇ ಇದಕ್ಕೆ ಕಾರಣ ಅಂತ ನಾನು ಹೇಳುವುದಿಲ್ಲ. ಸರ್ಕಾರ ಇತ್ತು, ಮರದ ವ್ಯಾಪಾರ ಇತ್ತು, ಸುತ್ತ ಇಂಗ್ಲಿಷ್ ಮಾತಿನ ಊರುಗಳೂ ಬೆಳೆಯುತ್ತಿದ್ದವು. ಇವರು ಬರದೇ ಇದ್ದರೂ ಬೇರೆ ಯಾರಾದರೂ ಆ ಹೊಲ ಉಳುತ್ತಿದ್ದರು. ಆದರೂ ಪ್ರೀತಿಯಿಂದ ಬಂದವರ ಕೈಯಿಂದಲೇ ಹೀಗಾಯಿತಲ್ಲ ಅನ್ನುವುದು ನನಗೆ ಸಂಕಟ ಕೊಡುತ್ತದೆ. ಮದುವೆಯಾಗಿ ಬಾಳಲು ಒಂದು ತುಂಡು ನೆಲಕ್ಕಾಗಿ ಸಮುದ್ರ ದಾಟಿದವರು ಅವರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನನ್ನಿಂದಾಗುವುದಿಲ್ಲ. ನಾನೂ ಈ ನೆಲದ ಮೇಲೇ ಮನೆ ಕೊಂಡು ಕಂತು ಕಟ್ಟುತ್ತಿದ್ದೇನೆ.

1855ರ ಒಪ್ಪಂದದ ಪ್ರಕಾರ ಚಿಪ್ಪೆವಾ ಜನರಿಗೆ ಇಸಬೆಲ್ಲಾ ಕೌಂಟಿಯಲ್ಲಿ ಜಾಗ ಗೊತ್ತುಮಾಡಿದರು. ಬೆಥನಿಯವರೂ ಅಲ್ಲಿಗೆ ಹೊರಟರು. ಬಯರ್‌ಲೈನ್ ಜಾಗಕ್ಕೆ ಬಂದಿದ್ದ ಮೀಸ್ಲರ್ ಎಂಬ ಪಾದ್ರಿ ಅವರ ಹಿಂದೆಯೇ ಹೋಗಿ ನೋಡಿದರು, ಕೆಲಸ ಹತ್ತಲಿಲ್ಲ. ಮಿಷನ್ ಮುಚ್ಚಿತು. ಈಗ ಗ್ರಾಶಿಯಟ್ ಕೌಂಟಿಯಲ್ಲಿ ಬೆಥನಿ ಟೌನ್‌ಶಿಪ್ ಅನ್ನುವ ಹೆಸರು ಉಳಿದಿದೆ. ಇದನ್ನೆಲ್ಲ ಚರ್ಚಿನವರು ಮುಚ್ಚಿಟ್ಟಿಲ್ಲ. ಆವತ್ತು ಆ ಹಿರಿಯರು ತಾವಾಗಿಯೇ ಮಿಷನ್ ಕಥೆ ಹೇಳಿದರು, ಬೇಸರದಿಂದಲೇ ಹೇಳಿದರು. ಪೂರ್ತಿ ಕೇಳಿಸಿಕೊಳ್ಳುವ ವ್ಯವಧಾನ ನಮ್ಮಂಥ ಪ್ರವಾಸಿಗರಿಗೆ ಇರುವುದಿಲ್ಲ, ಅಷ್ಟೇ.

ಮೌಂಟ್ ಪ್ಲೆಸೆಂಟ್‌ನಲ್ಲಿ

ಕಳೆದ ವರ್ಷ ಶರತ್ಕಾಲದಲ್ಲಿ ಮೌಂಟ್ ಪ್ಲೆಸೆಂಟ್‌ಗೆ ಹೋಗಿದ್ದೆವು. ಫ್ರಾಂಕೆನ್‌ಮುತ್‌ನಿಂದ ಕಾರಿನಲ್ಲಿ ಒಂದು ಗಂಟೆಗೆ ಸ್ವಲ್ಪ ಜಾಸ್ತಿ. ಸ್ಯಾಗಿನಾ ಚಿಪ್ಪೆವಾ ಜನ ಇವತ್ತಿಗೂ ಅಲ್ಲಿದ್ದಾರೆ. ಜೀಬಿವಿಂಗ್ ಅನ್ನುವ ಅವರದ್ದೇ ವಸ್ತುಸಂಗ್ರಹಾಲಯ ಇದೆ, 2004ರಲ್ಲಿ ತೆರೆದದ್ದು. ಅಲ್ಲಿ ಕಥೆ ಹೇಳುವವರು ಅವರೇ. ಒಪ್ಪಂದಗಳು ಒಂದೊಂದಾಗಿ ಬರುತ್ತವೆ. ಸ್ಯಾಗಿನಾ ಒಪ್ಪಂದದ ಮುಂದೆ ನಿಂತಾಗ ಮಗಳು ನಕ್ಷೆಯಲ್ಲಿ ಕ್ಯಾಸ್ ನದಿ ಎಲ್ಲಿ ಅಂತ ಬೆರಳಿಟ್ಟು ಹುಡುಕಿದಳು. ‘ಅಜ್ಜಿ ಜೊತೆ ಹೋಗಿದ್ವಲ್ಲ, ಆ ಚರ್ಚು ಇಲ್ಲಿ ಬರುತ್ತಾ?’ ಅಂದಳು. ಬರುತ್ತೆ ಅಂದೆ.

ಮುಂದೆ ವಸತಿ ಶಾಲೆಯ ಭಾಗ ಇದೆ. 1893ರಲ್ಲಿ ಕೇಂದ್ರ ಸರ್ಕಾರ ಮೌಂಟ್ ಪ್ಲೆಸೆಂಟ್‌ನಲ್ಲಿ ಆದಿವಾಸಿ ಮಕ್ಕಳಿಗೆ ಒಂದು ಶಾಲೆ ತೆರೆಯಿತು, 1934ರವರೆಗೆ ನಡೆಸಿತು. ಮಕ್ಕಳನ್ನು ಮನೆಯಿಂದ ದೂರ ಮಾಡಿ, ಕೂದಲು ಕತ್ತರಿಸಿ, ಅವರ ಮಾತು ಬಿಡಿಸಿ ಇಂಗ್ಲಿಷ್ ಕಲಿಸುವ ಶಾಲೆಗಳಲ್ಲಿ ಅದೂ ಒಂದು. ಅಲ್ಲಿ ನಿಂತಾಗ ನನಗೆ ವರ್ಷಗಳು ಹೊಂದಿಕೊಂಡವು. 1920, 1924. ಫ್ರಾಂಕೆನ್‌ಮುತ್‌ನ ತಂದೆ ತಾಯಂದಿರು ತಮ್ಮ ಮಕ್ಕಳ ಶಾಲೆ ಉಳಿಸಿಕೊಳ್ಳಲು ಮತ ಹಾಕಿದ ವರ್ಷಗಳು. ಅದೇ ವರ್ಷಗಳಲ್ಲಿ ಒಂದು ಗಂಟೆ ದೂರದಲ್ಲಿ ಈ ಶಾಲೆ ನಡೆಯುತ್ತಿತ್ತು. ಬಯರ್‌ಲೈನ್ ಯಾವ ಭಾಷೆಗೆ ಓದುವ ಪುಸ್ತಕ ಮಾಡಿದ್ದರೋ ಅದನ್ನು ಆಡಬಾರದು ಅಂತ, ಅದೇ ಜನರ ಮಕ್ಕಳಿಗೆ.

ಆ ಭಾಷೆ ಸತ್ತಿಲ್ಲ. ಈಗ ಅಲ್ಲಿ ಸಸಿವಾನ್ಸ್ ಅಂತ ಒಂದು ಶಾಲೆ ಇದೆ, ಬುಡಕಟ್ಟಿನವರೇ ನಡೆಸುವುದು. ಪುಟಾಣಿ ಮಕ್ಕಳಿಗೆ ಪಾಠ ಎಲ್ಲ ಅನಿಶಿನಾಬೆ ಅನ್ನುವ ಆ ಭಾಷೆಯಲ್ಲೇ. ವಾರಕ್ಕೊಂದು ಗಂಟೆ ಅಲ್ಲ, ದಿನವಿಡೀ.